ಚಕ್ರಕ್ಕನ ಮನೆಗಾಡಿಯ ಉಬ್ಬು

ಚಕ್ರಕ್ಕ ಕೂತು ಉಂಡದ್ದನ್ನು ಕಂಡವರು ಕಡಿಮೆ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಕಿಟಕಿಯ ಪಕ್ಕ ನಿಲ್ಲುತ್ತಿದ್ದಳು. ಹೊರಗೆ ಯಾವುದೋ ಗಾಡಿ ತನ್ನನ್ನು ಬಿಟ್ಟು ಹೊರಟುಬಿಡುತ್ತದೆ ಎಂಬಂತೆ ಆ ಕಡೆಯೇ ನೋಡುತ್ತ ಉಣ್ಣುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಚಿಕ್ಕಂದಿನಲ್ಲಿ ಅಜ್ಜಿ ಬೈದದ್ದೇ ಹೆಸರಾಗಿ ಉಳಿಯಿತು. ದೊಡ್ಡವಳಾಗಿ ಬಸ್ ಡ್ರೈವರ್ ಆದಳು. ಡಿಪೋದವರು ಹೆಂಗಸಿಗೆ ಯಾವತ್ತೂ ಹಳೆಯ ಬಸ್ಸನ್ನೇ ಕೊಟ್ಟರು. ಬ್ಯಾಟರಿ ಸತ್ತದ್ದು, ಬಾಗಿಲು ಮುಚ್ಚದ್ದು, ಗೇರು ಬೀಳದ್ದು ಎಲ್ಲವೂ ಅವಳ ಪಾಲಿಗೆ ಬಂದವು. ಅವಳು ಎಲ್ಲವನ್ನೂ ಓಡಿಸಿದಳು. ನಡುವೆ ಮದುವೆಯಾಯಿತು, ಗಂಡ ಒಳ್ಳೆಯವನು, ಬೇಗ ಸತ್ತ, ಮಕ್ಕಳಿಲ್ಲ. ಇದನ್ನು ಅವಳು ಇಷ್ಟೇ ಮಾತಿನಲ್ಲಿ ಹೇಳುತ್ತಿದ್ದಳು. ನಾನೂ ಇದಕ್ಕೆ ಏನೂ ಸೇರಿಸುವುದಿಲ್ಲ.

ಅವಳಿಗೊಬ್ಬ ತಮ್ಮ. ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹದಿಹರೆಯದಲ್ಲಿ ಯಾವ ಸ್ಟೂಲಿನ ಮೇಲೆ ಕೂತನೋ, ತಲೆ ನರೆತ ಮೇಲೂ ಅದರ ಮೇಲೆಯೇ ಕೂತಿದ್ದ. “ದೇವರು ಒಬ್ಬಳಿಗೆ ಬರೀ ಕಾಲು ಕೊಟ್ಟ, ಇನ್ನೊಬ್ಬನಿಗೆ ಬರೀ ಕುಂಡಿ ಕೊಟ್ಟ” ಎಂದು ಅವರಪ್ಪ ಹೇಳುತ್ತಿದ್ದರಂತೆ.

ನಿವೃತ್ತಿಯಾದ ಮೇಲೆ ಎಲ್ಲರೂ ಚಕ್ರಕ್ಕ ಇನ್ನಾದರೂ ಒಂದು ಕಡೆ ನಿಲ್ಲುತ್ತಾಳೆ ಎಂದುಕೊಂಡರು. ಅವಳು ಹೋಗಿ ಒಂದು ಹಳೆಯ ಮನೆಗಾಡಿ ತಂದಳು. ಅದಕ್ಕೆ ಎಂಜಿನ್ ಇಲ್ಲ. ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಒಳಗೆ ಒಂದು ಮಂಚ, ಒಂದು ಒಲೆ, ಮಡಚುವ ಮೇಜು, ಮುಂದಿನ ಮೂಲೆಯಲ್ಲಿ ಒಂದು ಬೀರು. ತಮ್ಮ ಅವಳಿಗೆ ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟ. ಅದೂ ಲೋಲಕ ತೂಗಾಡುವಂಥದ್ದು. ಓಡಾಡುವ ಮನೆಗೆ ಅದು ಹೊಂದುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೆ ಬ್ಯಾಟರಿಯದನ್ನು ಅವನು ಗಡಿಯಾರವೆಂದೇ ಒಪ್ಪುತ್ತಿರಲಿಲ್ಲ. ರಸ್ತೆಯಲ್ಲಿ ಕುಲುಕದಂತೆ ಪೆಟ್ಟಿಗೆಯ ಮೇಲೊಂದು ಕೆಳಗೊಂದು ಸ್ಕ್ರೂ ಹಾಕಿ ಗೋಡೆಗೆ ಬಿಗಿದ. ಹೊರಡುವಾಗ ಲೋಲಕ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡು, ತಲುಪಿದ ಮೇಲೆ ಸಿಕ್ಕಿಸು ಎಂದು ಕಲಿಸಿಕೊಟ್ಟ. ಅವಳು ಹಾಗೇ ಮಾಡಿದಳು. ಗಡಿಯಾರ ಮಾತ್ರ ಹೋದ ಊರಲ್ಲೆಲ್ಲ ನಾಲ್ಕು ಹೆಜ್ಜೆ ಕುಂಟಿ ನಿಂತುಬಿಡುತ್ತಿತ್ತು.

“ನಿನ್ನ ಗಡಿಯಾರ ನಿನ್ನ ಹಾಗೇ ಕಣೋ, ಕೂತಲ್ಲಿಂದ ಏಳಲ್ಲ” ಎಂದು ಅವಳು ಫೋನಿನಲ್ಲಿ ಹಂಗಿಸುವಳು. ಅವನು ಫೋನನ್ನು ಹೆಂಡತಿಗೆ ಕೊಟ್ಟುಬಿಡುವನು.

ಆ ವರ್ಷ ಮಳೆ ಬಿಡುವು ಕೊಡಲಿಲ್ಲ. ಮಳೆ ಮುಗಿದ ಮೇಲೆ ಚಕ್ರಕ್ಕ ಹಾದಿಯಲ್ಲಿ ಒಂದು ಹೊತ್ತು ಉಂಡು ಹೋಗೋಣವೆಂದು ತಮ್ಮನ ಮನೆಗೆ ಬಂದು, ಸಿಮೆಂಟಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದಳು. ತಮ್ಮನ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದವಳು ಗಾಡಿಯ ಪಕ್ಕದಲ್ಲಿ ನಿಂತುಬಿಟ್ಟಳು.

“ಅಕ್ಕಾ, ನಿಮ್ಮ ಗಾಡಿ ಬಸುರಿಯಾಗಿದೆ.”

ಸುಳ್ಳಲ್ಲ. ಮುಂದಿನ ಪಕ್ಕೆಯಲ್ಲಿ, ಬೀರು ಇರುವ ಕಡೆ, ಹೊರಗೋಡೆ ದುಂಡಗೆ ಉಬ್ಬಿತ್ತು. ಅಂಗೈ ಇಟ್ಟು ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮತ್ತೆ ಬರುತ್ತಿತ್ತು. ಬಿಸಿಲೇರಿದಾಗ ದೊಡ್ಡದಾಗುತ್ತದೆ, ತಂಪಿನಲ್ಲಿ ಇಳಿಯುತ್ತದೆ ಎಂದು ಚಕ್ರಕ್ಕನೇ ಹೇಳಿದಳು. ಅಂದರೆ ಅವಳು ಅದನ್ನು ಎಂದೋ ನೋಡಿದ್ದಳು.

“ನೋಡಿ ಸುಮ್ಮನಿದ್ದೆಯಾ?” ಎಂದ ತಮ್ಮ.

“ವಯಸ್ಸಾದ ಮೇಲೆ ಎಲ್ಲರಿಗೂ ಹೊಟ್ಟೆ ಬರುತ್ತೆ. ನಿನಗೆ ಬಂದಿಲ್ಲವಾ?”

ಅವನು ನಗಲಿಲ್ಲ. ಮಹಡಿಯ ಕೋಣೆಯನ್ನು ಅಕ್ಕನಿಗೆಂದು ಯಾವತ್ತೋ ಖಾಲಿ ಮಾಡಿಸಿದ್ದ. ಆ ಮಾತು ಎತ್ತಿದಾಗಲೆಲ್ಲ ಅವಳು ಕಾರು ಸ್ಟಾರ್ಟ್ ಮಾಡುತ್ತಿದ್ದಳು. ಈಗ ಹಿಡಿತ ಸಿಕ್ಕಿತು. “ಒಳಗೆ ಮರ ಕೊಳೆತಿದ್ದರೆ ರಸ್ತೆ ಮಧ್ಯೆ ಗೋಡೆ ಕಳಚಿ ಬೀಳುತ್ತೆ. ಏನಾಗಿದೆ ಅಂತ ಗೊತ್ತಾಗದೆ ಇದು ಗೇಟು ದಾಟಬಾರದು. ಗೊತ್ತಾಗದೇ ಹೋದರೆ ಮೇಲಿನ ಕೋಣೆ ನಿನ್ನದು.”

“ಗೊತ್ತಾದರೆ?”

“ಹೋಗು ತಾಯಿ. ನಿನ್ನನ್ನು ಕಟ್ಟಿಹಾಕೋ ಹಗ್ಗ ಇನ್ನೂ ಯಾರೂ ಹೊಸೆದಿಲ್ಲ.”

ಅವಳು ಮೂರ್ಖಳಲ್ಲ, ಒಪ್ಪಿದಳು. ಹಿಂದೆ ಅವಳ ಬಸ್ಸುಗಳಿಗೆ ತಗಡು ಬಡಿದು ತೇಪೆ ಹಾಕುತ್ತಿದ್ದ ಬಾಡಿ ಮೇಸ್ತ್ರಿಗೆ ಹೇಳಿಕಳಿಸಿದರು. ಆತನೂ ಈಗ ಮುದುಕ. ಬಂದವನು ಚಹಾ ಕುಡಿಯುವ ಮೊದಲೇ ಗೋಡೆಗೆ ಕಿವಿ ಕೊಟ್ಟು ಬೆರಳ ಗೆಣ್ಣಿನಿಂದ ಬಡಿಯತೊಡಗಿದ. ಗಟ್ಟಿ ಇದ್ದಲ್ಲಿ ಟಕ್ ಎಂದಿತು. ಉಬ್ಬಿದಲ್ಲಿ ಖಾಲಿ ಡಬ್ಬದ ಹಾಗೆ ಬೊದ್ ಎಂದಿತು. ಎರಡು ಸದ್ದು ಸೇರುವ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋದ.

“ಡ್ರೈವರಮ್ಮ, ಇದು ಸ್ಯಾಂಡ್‌ವಿಚ್ ಇದ್ದ ಹಾಗೆ. ಹೊರಗೆ ಫೈಬರ್ ಹಾಳೆ, ಅದರ ಬೆನ್ನಿಗೆ ತೆಳು ಪ್ಲೈವುಡ್, ಒಳಗೆ ಥರ್ಮೋಕೋಲ್, ನಡುನಡುವೆ ಮರದ ಪಟ್ಟಿ. ಎಲ್ಲ ಅಂಟಿನ ಮೇಲೆ ನಿಂತಿದೆ. ನೀರು ಹೋಗಿ ಪ್ಲೈವುಡ್ ನೆನೆದು ಅಂಟು ಬಿಟ್ಟಿದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹಾಳೆ ಉಬ್ಬುತ್ತೆ.”

ಗುರುತುಗಳನ್ನೆಲ್ಲ ಕೂಡಿಸಿದಾಗ ಚಿತ್ರ ಸ್ಪಷ್ಟವಾಯಿತು: ಕೆಳಗೆ ಅಗಲ, ಮೇಲೆ ಹೋಗುತ್ತ ಕಿರಿದು, ಕೊನೆಗೆ ಸೂರಿನ ಮುಂದಿನ ಮೂಲೆಯಲ್ಲಿ ಬೆರಳಗಲ. ನೀರು ಅಲ್ಲಿಂದ ಇಳಿದಿದೆ ಎಂದು ಗೋಡೆಯೇ ಹೇಳುತ್ತಿತ್ತು. ಬೀರುವಿನ ಹಿಂಬದಿ ಹಲಗೆ ಬಿಚ್ಚಿದರು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿ ಊರಿದಾಗ ಪ್ಲೈವುಡ್ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಕುಸಿಯಿತು. ಕೆಳಗಿನ ದಪ್ಪ ತೊಲೆಗೆ ಊರಿದ, ತುದಿ ನಿಂತಿತು. ಚಕ್ರಕ್ಕ ಉಸಿರು ಬಿಟ್ಟಳು.

“ಎಲುಬು ಗಟ್ಟಿಯಿದೆ” ಎಂದ ಮೇಸ್ತ್ರಿ. “ಚರ್ಮ ಹೊಲಿದುಕೊಡ್ತೀನಿ. ಆದರೆ ನೀರು ಬರೋ ದಾರಿ ಸಿಗದೆ ಅಂಟು ಮುಟ್ಟಲ್ಲ. ಮುಟ್ಟಿದರೆ ಮುಂದಿನ ಮಳೆಗೆ ಮತ್ತೆ ಬಾಣಂತನ. ಆಮೇಲೆ ಎಲುಬೂ ಹೋಗುತ್ತೆ.”

ಮೂಲೆ ಗೊತ್ತಾಗಿದೆ, ಇನ್ನೇನು ಎಂದುಕೊಂಡರು. ಚಕ್ರಕ್ಕ ಟಾರ್ಚ್ ಹಿಡಿದು ಬೀರುವಿನೊಳಗೆ ತಲೆ ತೂರಿಸಿದಳು. ಮೇಸ್ತ್ರಿ ಹೊರಗೆ ಪೈಪು ಹಿಡಿದ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗ ನೆನೆಸುತ್ತ ಬಂದ, ಮೊದಲು ಕಿಟಕಿಯ ರಬ್ಬರು, ಆಮೇಲೆ ದೀಪದ ಬುಡ, ಕೊನೆಗೆ ಏಣಿ ಹತ್ತಿ ಸೂರು. ನೀರು ಎರಡೂ ಪಕ್ಕಕ್ಕೆ ಚೆನ್ನಾಗಿ ಹರಿದು ಬಿತ್ತು. ಒಳಗೆ ಒಂದು ಹನಿ ಇಲ್ಲ. ಮರುದಿನ ಮತ್ತೆ ಸುರಿದರು, ಅದರ ಮರುದಿನವೂ ಸುರಿದರು. ಅಂಗಳ ಕೆರೆಯಾಯಿತು, ಬೀರು ಒಣಗಿಯೇ ಇತ್ತು.

“ಹಳೇ ನೀರಿರಬೇಕು. ಮೊದಲಿನ ಯಜಮಾನನ ಕಾಲದ್ದು” ಎಂದ ಮೇಸ್ತ್ರಿ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

“ನನಗೆ ಹೇಳ್ತೀಯಾ? ಮೆಕ್ಯಾನಿಕ್ಕಿಗೆ ರೋಗ ಗೊತ್ತಾಗದಿದ್ದರೆ ಹಳೇ ಡ್ರೈವರ್ ತಲೆಗೆ ಕಟ್ಟೋದು. ನಲವತ್ತು ವರ್ಷ ಕೇಳಿದ್ದೀನಿ ಈ ಪುರಾಣ.”

ಅವಳಿಗೆ ಕಾಲು ನಿಲ್ಲಲಿಲ್ಲ. ಗೇಟಿನಿಂದ ಗಾಡಿಗೆ, ಗಾಡಿಯಿಂದ ಗೇಟಿಗೆ ಓಡಾಡಿದಳು. ಎಲ್ಲಿಗೂ ಹೋಗದೆ ಇದ್ದರೂ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಗುರುಗುಟ್ಟಿಸಿ ಆರಿಸುತ್ತಿದ್ದಳು. “ಅಕ್ಕ, ಸ್ವಲ್ಪ ಕೂತ್ಕೊಳ್ಳಿ, ಅಂಗಳ ಸವೆದುಹೋಗುತ್ತೆ” ಎಂದಳು ತಮ್ಮನ ಹೆಂಡತಿ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಮಹಡಿಯ ಕೋಣೆಗೆ ಹೋಗಿ ನೋಡಿ ಬಂದಳು. ಒಳ್ಳೆಯ ಕೋಣೆ. ಮಂಚಕ್ಕೆ ಹೊಸ ಹೊದಿಕೆ ಹಾಸಿತ್ತು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಮಂಚದ ಅಂಚಿಗೆ ಕೂತಳು, ಎದ್ದಳು, ಇಳಿದು ಬಂದಳು. ಆ ದಿನ ಅವಳು ಯಾರನ್ನೂ ಹಂಗಿಸಲಿಲ್ಲ. ಅದು ಮನೆಯವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ತಮ್ಮನದು ಬೇರೆ ಅವಸ್ಥೆ. ಅಂಗಡಿ ಬಿಟ್ಟು ಏಳದವನು ಆಗಾಗ ಎದ್ದು ಗಾಡಿಯೊಳಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದ. ಅಕ್ಕ ಬಂದ ದಿನವೇ ರೂಢಿಯ ಮೇಲೆ ಲೋಲಕ ಸಿಕ್ಕಿಸಿದ್ದಳು, ಮರೆತಿದ್ದಳು. ಅವನ ಕಿವಿ ಮರೆಯಲಿಲ್ಲ. ಹೋದಲ್ಲೆಲ್ಲ ಸಾಯುವ ಗಡಿಯಾರ ಈ ಅಂಗಳದಲ್ಲಿ ಒಂದು ಸಲವೂ ನಿಂತಿರಲಿಲ್ಲ. ಯಾಕೆಂದು ಅವನಿಗೆ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಂಡ. ಇನ್ನೆರಡು ದಿನ ಬಾಯಿ ಮುಚ್ಚಿಕೊಂಡರೆ ಅಕ್ಕ ಮಹಡಿಯಲ್ಲಿ ಇರುತ್ತಾಳೆ.

ಅವನಿಗೆ ಅದು ಸಾಧ್ಯವಾಗುತ್ತಿತ್ತು. ಅಕ್ಕನ ನಾಲಿಗೆ ಬಿಡಲಿಲ್ಲ.

ಮೇಸ್ತ್ರಿ ಸೋತು, ಸಾಮಾನು ಚೀಲಕ್ಕೆ ತುಂಬಿ, ಅಂಗಳದಲ್ಲಿ ಕೊನೆಯ ಚಹಾ ಕುಡಿಯುತ್ತಿದ್ದ. ಗಂಟೆ ಎಷ್ಟಾಯಿತು ಎಂದು ಕೇಳಿ, ತಾನೇ ಗಾಡಿಯೊಳಗೆ ಇಣುಕಲು ಹೋದ.

“ಅದನ್ನು ನೋಡಬೇಡ ಮೇಸ್ತ್ರಿ” ಎಂದಳು ಚಕ್ರಕ್ಕ. “ಅದು ನನ್ನ ತಮ್ಮನ ಕೈಗುಣ. ನಡೆಯೋದು ಒಂದು ಬಿಟ್ಟು ಬೇರೆಲ್ಲ ಮಾಡುತ್ತೆ. ಊರವರ ಗಡಿಯಾರಗಳ ಕತೆ ಏನೋ, ಪಾಪ.”

ಅಂಗಡಿಯ ಬಾಗಿಲಲ್ಲಿ ಗಿರಾಕಿಯೊಬ್ಬ ನಿಂತಿದ್ದ. ಅವನೂ ನಕ್ಕ.

ಒಳಗೆ ಸ್ಟೂಲಿನ ಮೇಲಿದ್ದ ತಮ್ಮ ಎದ್ದು ನಿಂತ. “ನನ್ನ ಗಡಿಯಾರಕ್ಕೆ ಏನೂ ಆಗಿಲ್ಲ! ಇಲ್ಲಿಗೆ ಬಂದಾಗಿನಿಂದ ಒಂದು ಕ್ಷಣ ನಿಂತಿಲ್ಲ, ಹೋಗಿ ಕೇಳು! ಲೋಲಕದ ಗಡಿಯಾರ ನೆಟ್ಟಗಿದ್ದರೆ ನಡೆಯುತ್ತೆ, ವಾರೆಯಾದರೆ ನಿಲ್ಲುತ್ತೆ. ನೀನು ಹೋದಲ್ಲೆಲ್ಲ ಗಾಡೀನ ವಾರೆ ನಿಲ್ಲಿಸ್ತೀಯ, ಬೈಗುಳ ನನಗೆ!”

ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಹೆಂಡತಿ ಅವನ ಮುಖ ನೋಡಿದಳು. ಮೇಸ್ತ್ರಿ ಲೋಟ ಕೆಳಗಿಟ್ಟ.

“ವಾರೆ ಅಂದರೆ ಯಾವ ಕಡೆಗೆ, ಡ್ರೈವರಮ್ಮ?”

“ಯಾವ ಕಡೆಗೇನು. ಇಳಿಜಾರು ನೋಡಿ ಮೂತಿ ಕೆಳಗೆ ಮಾಡಿ ನಿಲ್ಲಿಸ್ತೀನಿ. ಎಲ್ಲರೂ ನಿಲ್ಲಿಸೋ ಹಾಗೆ.”

“ಯಾಕೆ?”

“ಯಾಕೆ ಅಂದರೆ? ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ?”

ಮೇಸ್ತ್ರಿ ಗಾಡಿಯ ಮೂತಿಯನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: “ಡ್ರೈವರಮ್ಮ, ಇದಕ್ಕೆ ಎಂಜಿನ್ನೇ ಇಲ್ಲ.”

ಬ್ಯಾಟರಿ ಸತ್ತ ಬಸ್ಸನ್ನು ಓಡಿಸಿದವರೆಲ್ಲ ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸುತ್ತಾರೆ; ಬೆಳಿಗ್ಗೆ ಬ್ರೇಕ್ ಬಿಟ್ಟು ಉರುಳಿಸಿ, ಗೇರಿಗೆ ಹಾಕಿದರೆ ಎಂಜಿನ್ ಏಳುತ್ತದೆ. ನಲವತ್ತು ವರ್ಷ ಕೈ ಮಾಡಿದ ಕೆಲಸವನ್ನು ತಲೆ ತಡೆಯಲಿಲ್ಲ. ಎಲ್ಲೇ ಹೋಗಲಿ, ಮಟ್ಟಸವಾದ ಜಾಗ ಬಿಟ್ಟು ಇಳಿಜಾರು ಹುಡುಕಿ, ಮೂತಿಯನ್ನು ಎತ್ತಿಹಿಡಿಯುವ ಮುಂದಿನ ಜಾಕ್ ಇಳಿಸಿ, ಮನೆಯನ್ನೇ ಹೊರಡುವ ಭಂಗಿಯಲ್ಲಿ ನಿಲ್ಲಿಸುತ್ತಿದ್ದಳು. ಹಾಗೆ ನಿಂತಾಗಲೇ ಅವಳಿಗೆ ನಿದ್ದೆ ಬರುತ್ತಿತ್ತು.

ಪೈಪು ಮತ್ತೆ ಬಂತು. ಮೇಸ್ತ್ರಿ ಮುಂದಿನ ಜಾಕಿನ ಹಿಡಿಯನ್ನು ತಿರುವುತ್ತ ಗಾಡಿಯ ಮೂತಿ ಇಳಿಸಿದ. ಚಕ್ರಕ್ಕ ಬೀರುವಿನೊಳಗೆ ತಲೆ ಇಟ್ಟಳು. ತಮ್ಮ ಅವಳ ಹಿಂದೆ ಗಡಿಯಾರದ ಮುಂದೆ ನಿಂತ. ಮೂತಿ ಇಳಿದಂತೆ ಟಿಕ್ ಟಿಕ್ ಕುಂಟತೊಡಗಿತು, ಎರಡು ಸಲ ಎಡವಿತು, ನಿಂತಿತು. ಮೇಲೆ ನೀರು ಬಿದ್ದ ಸದ್ದು. ಪಕ್ಕಕ್ಕೆ ಹರಿಯಬೇಕಾದ ನೀರೆಲ್ಲ ಮುಂದಕ್ಕೆ ಜಾರಿ, ಸೂರು ಮತ್ತು ಮುಂಗೋಡೆ ಸೇರುವ ಸಂದಿನಲ್ಲಿ ಮಡುಗಟ್ಟಿತು. ಅಲ್ಲಿ ನೀರು ತಡೆಯಲು ತುಂಬಿದ್ದ ಮೇಣ ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹರಿದುಹೋಗುವ ನೀರಿಗೆ ಕಾಣದ ಬಿರುಕು, ನಿಂತ ನೀರಿಗೆ ಬಾಗಿಲಾಯಿತು. ಟಾರ್ಚಿನ ಬೆಳಕಿನಲ್ಲಿ ಒಂದು ಹನಿ ಮೂಲೆಯಿಂದ ಇಣುಕಿ, ಕಪ್ಪು ಗೆರೆ ಹಿಡಿದು ಇಳಿಯಿತು.

“ನಿಲ್ಲಿಸು! ಸಿಕ್ಕಿತು!” ಎಂದು ಚಕ್ರಕ್ಕ ಕೂಗಿದಳು. ತಮ್ಮನ ಕಡೆ ತಿರುಗಿದಾಗ ಅವನು ಗಡಿಯಾರವನ್ನು ನೋಡುತ್ತಿದ್ದ.

“ಯಾವತ್ತು ಗೊತ್ತಾಯಿತು ನಿನಗೆ?”

“ಎರಡನೇ ದಿನ.”

ಅವಳು ಬಯ್ಯುತ್ತಾಳೆಂದು ಅವನು ಕಾದ. ಅವಳು ಬಯ್ಯಲಿಲ್ಲ. “ನಿನ್ನ ಕೈಗುಣ ಚೆನ್ನಾಗಿದೆ ಕಣೋ” ಎಂದು ಹೇಳಿ, ಬೀರುವನ್ನು ಒರೆಸಲು ಬಟ್ಟೆ ಹುಡುಕಿದಳು.

ಆಮೇಲಿನದು ಬರೀ ಕೆಲಸ. ಗೋಡೆ ಬಿಚ್ಚಿ ಒಣಗಿಸಿದರು, ಕೊಳೆತ ಪ್ಲೈವುಡ್ ಕಿತ್ತು ಹೊಸದು ಕೂರಿಸಿದರು, ಸಂದಿಗೆ ಹೊಸ ಮೇಣ ತುಂಬಿದರು, ಹಾಳೆಗೆ ಅಂಟು ಹಾಕಿ ಹಲಗೆ ಒತ್ತಿ ಕಟ್ಟಿದರು. ಅದು ಮುಗಿಯುವವರೆಗೆ ಚಕ್ರಕ್ಕ ಮಹಡಿಯ ಕೋಣೆಯಲ್ಲಿ ಮಲಗಿದಳು. ನಿದ್ದೆ ಬರಲಿಲ್ಲ, ದೂರಲೂ ಇಲ್ಲ. ಹೊರಡುವ ದಿನ ಮೇಸ್ತ್ರಿ ಬಾಗಿಲ ಪಕ್ಕ ಮಟ್ಟ ನೋಡುವ ಒಂದು ಪುಟ್ಟ ರಸಮಟ್ಟ ಬಿಗಿದು, “ಗುಳ್ಳೆ ನಡುವೆ ಬರೋವರೆಗೆ ಜಾಕು ತಿರುವಿ, ಡ್ರೈವರಮ್ಮ. ಆಮೇಲೆ ಒಲೆ ಹಚ್ಚಿ” ಎಂದ. ಕಾರು ಗಾಡಿಯನ್ನು ಎಳೆದುಕೊಂಡು ಗೇಟು ದಾಟಿತು.

“ಗಡಿಯಾರ ಗೆದ್ದಿತು, ಅಕ್ಕ ಹೋದರು. ಸುಮ್ಮನಿರೋಕೆ ಏನಾಗಿತ್ತು ನಿಮಗೆ?” ಎಂದಳು ಹೆಂಡತಿ.

“ಗಿರಾಕಿ ಮುಂದೆ ಹೇಳಿದಳಲ್ಲ” ಎಂದು ಅವನು ಸ್ಟೂಲಿಗೆ ಮರಳಿದ.

ಸಂಜೆ ಫೋನು ಬಂತು. ಅಕ್ಕ ಏನೂ ಮಾತಾಡದೆ ಫೋನನ್ನು ಗೋಡೆಯ ಕಡೆ ಹಿಡಿದಿದ್ದಳು. ಟಿಕ್ ಟಿಕ್ ಎಂದು ಸಮವಾಗಿ ಕೇಳಿಸಿತು. ಅವನು ಕಣ್ಣು ಮುಚ್ಚಿ ಕೇಳಿದ.

“ಕೇಳಿಸ್ತಾ? ಗುಳ್ಳೆ ನಡುವೆ ಇದೆ.”

“ಕೇಳಿಸ್ತು. ಕಾರಿನ ಮೂತಿ ಯಾವ ಕಡೆಗಿದೆ?”



“ಕಾರಿಗೆ ಎಂಜಿನ್ ಇದೆ ಕಣೋ” ಎಂದಳು ಚಕ್ರಕ್ಕ.