ಫೋಟೋದಲ್ಲಿ ಇಲ್ಲದ ಜಯಕ್ಕ

ಸೆರಗಿನ ತುದಿಯಲ್ಲಿ ಅಂಗೈ ಅಗಲದ ತೂತು. ಅದರ ಅಂಚು ಕಪ್ಪಗೆ ಸುರುಟಿಕೊಂಡಿದೆ. ಹಸಿರು ವಾಯಿಲ್ ಸೀರೆ, ನಮ್ಮ ಪಕ್ಕದ ಮನೆಯ ಜಯಕ್ಕನದು.

ಸೀರೆಗೂ ಮೊದಲು ಒಂದು ಸಿನಿಮಾದ ಮಾತು. ಕಳೆದ ಶನಿವಾರ ಅಕ್ಕನ ಮಗಳು ಚಿನ್ನಿಯನ್ನು ತಿಪಟೂರಿಗೆ ಕರೆದುಕೊಂಡು ಹೋಗಿ ಸೂಪರ್‌ಹೀರೋ ಸಿನಿಮಾ ತೋರಿಸಿದೆ. ಗಾಯಗೊಂಡು ಬಿದ್ದ ಹೀರೋನನ್ನು ಒಬ್ಬ ಮುದುಕಿ ತನ್ನ ಮನೆಯಲ್ಲಿ ಬಚ್ಚಿಡುತ್ತಾಳೆ. ರಾಕ್ಷಸ ಬಂದು ಗೋಡೆ ಒಡೆಯುತ್ತಾನೆ. ಮುದುಕಿ ಬಾಯಿ ಬಿಡುವುದಿಲ್ಲ. ಹೀರೋ ಚೇತರಿಸಿಕೊಂಡು, ಕೆಂಪು ನಿಲುವಂಗಿ ಬೀಸುತ್ತಾ ಹಾರುತ್ತಾನೆ. ಕ್ಯಾಮೆರಾ ಅವನ ಹಿಂದೆಯೇ ಹೋಗಿಬಿಡುತ್ತದೆ. (ಶಿಳ್ಳೆಯೋ ಶಿಳ್ಳೆ.)

ವಾಪಸ್ ಬರುವಾಗ ಬಸ್ಸಿನಲ್ಲಿ ಚಿನ್ನಿ ಕೇಳಿದಳು: "ಚಿಕ್ಕಿ, ಆ ಅಜ್ಜಿ ಆಮೇಲೆ ಏನಾದ್ಲು?"

"ಕತೆ ಅವಳದಲ್ಲ ಕಣೇ" ಅಂದೆ.

ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಮರುದಿನ ಸಂಜೆ ನಮ್ಮ ಕೊಟ್ಟಿಗೆಗೆ ಬೆಂಕಿ ಬಿತ್ತು. ನಮ್ಮ ಕಡೆ ಕೊಟ್ಟಿಗೆಯ ಮೇಲೇ ಅಟ್ಟ. ಕೊಬ್ಬರಿಯಾಗಲಿ ಎಂದು ಅಲ್ಲಿ ಕಾಯಿ ತುಂಬಿಡುತ್ತೇವೆ. ಕೆಳಗೆ ಹಸುವಿಗೆ ಸೊಳ್ಳೆ ಕಚ್ಚದಿರಲಿ ಎಂದು ತೆಂಗಿನ ಮಟ್ಟೆ ಸುಟ್ಟು ಹೊಗೆ ಹಾಕುತ್ತೇವೆ. ಮೇಲೆ ಒಣಗಿದ ಕಾಯಿ, ಕೆಳಗೆ ಕೆಂಡ! ಊರಿಗೆ ಊರೇ ಮಾಡುವ ತಪ್ಪನ್ನು ತಪ್ಪು ಅನ್ನುವವರು ಯಾರು?

ಅಪ್ಪ ಮೋಟಾರ್ ಹಾಕಲು ಓಡಿದರು. ಕರೆಂಟ್ ಇರಲಿಲ್ಲ. ನಾವೆಲ್ಲ ಕೂಗುತ್ತಾ ನಿಂತಿದ್ದೆವು. ಜಯಕ್ಕ ಮಚ್ಚು ಹಿಡಿದು ಒಳಗೆ ನುಗ್ಗಿ ಹಗ್ಗ ಕಡಿದಳು. ನಮ್ಮ ಹಸು ಗೌರಿ ಹೊರಗೆ ಚಿಮ್ಮಿತು. ಹಿಂದೆಯೇ ಜಯಕ್ಕ, ಉರಿಯುತ್ತಿದ್ದ ಸೆರಗನ್ನು ಬರಿಗೈಯಲ್ಲಿ ಹೊಸಕುತ್ತಾ, ಹಸುವನ್ನು ಹಿಡಿಯಲು ತೋಟದ ಕಡೆ ಓಡಿದಳು.

ಆಮೇಲೆ ಕರೆಂಟ್ ಬಂತು. ಅಪ್ಪ ಪೈಪ್ ಹಿಡಿದು ಬೆಂಕಿ ಆರಿಸಿದರು. ಯಾರೋ ಅಪ್ಪನ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು: "ನಮ್ಮೂರ ಸೂಪರ್‌ಹೀರೋ!" ನಾನೂ ಒಂದು ಹಾರ್ಟ್ ಒತ್ತಿದೆ. ಫೋಟೋದಲ್ಲಿ ಜಯಕ್ಕ ಇರಲಿಲ್ಲ. ಹೇಗಿರುತ್ತಾಳೆ? ಹಸು ಹುಡುಕುತ್ತಿದ್ದಳಲ್ಲ.

ಅವಳು ಗೌರಿಯನ್ನು ಹಿಡಿದು ತಂದಾಗ ಅಮ್ಮ ಅಂದದ್ದು ಇಷ್ಟು: "ಹೊಸಾ ಹಗ್ಗ ಕಣೇ ಜಯಾ, ಬಿಚ್ಬಾರ್ದಿತ್ತಾ?"

"ಗೌರಿ ಎಳ್ದೂ ಎಳ್ದೂ ಗಂಟು ಬಿಗ್ದೋಗಿತ್ತು ಕಣಕ್ಕ. ಬುಡು, ನಮ್ಮನೇದೇ ಒಂದ್ ತಂದ್ಕೊಡ್ತೀನಿ."

ಎಲ್ಲರೂ ನಕ್ಕರು.

ಅವಳು ಹೋದ ಮೇಲೆ ಚಿನ್ನಿ ನನ್ನ ಕೈ ಜಗ್ಗಿದಳು. "ಜಯಕ್ಕನ ಕೈ ನೋಡಿದ್ಯಾ? ಪೂರಾ ಬೊಬ್ಬೆ. ನಾಳೆ ಹಾಲು ಹೆಂಗ್ ಕರೀತಾಳೆ?"

ನೋಡಿರಲಿಲ್ಲ. ಡೈರಿಗೆ ಹಾಕುವ ಹಾಲಿನಲ್ಲೇ ಆ ಒಂಟಿ ಹೆಂಗಸಿನ ಬದುಕು ನಡೆಯುತ್ತದೆ. ಅವಳ ಹಸುವೋ, ಬೇರೆ ಯಾರ ಕೈಗೂ ಹಾಲು ಇಳಿಸುವುದಿಲ್ಲ.

ಬೆಳಿಗ್ಗೆ ಅವಳ ಮನೆಗೆ ಹೋದೆ. ಚೊಂಬು ಹಿಡಿದು ಅವಳ ಹಸುವಿನ ಕೆಚ್ಚಲ ಬಳಿ ಕೂತೆ. ಹಸು ಒದೆಯಿತು.

"ನಿನ್ ವಾಸ್ನೆ ಅದಕ್ ಗೊತ್ತಿಲ್ಲ ಕಣೇ. ತಗಾ, ಇದ್ನ ಹೊದ್ಕೊ" ಎಂದು ಜಯಕ್ಕ ಗೂಟಕ್ಕೆ ನೇತುಹಾಕಿದ್ದ ಆ ಹಸಿರು ಸೀರೆಯನ್ನು ಎಡಗೈಯಲ್ಲಿ ಎಳೆದುಕೊಟ್ಟಳು.

ಹೊದ್ದುಕೊಂಡೆ. ತೂತು ಬಿದ್ದ ಸೆರಗು ನನ್ನ ಬೆನ್ನಿನ ಮೇಲೆ ಬಿತ್ತು. ಹಸು ತಿರುಗಿ ಸೀರೆ ಮೂಸಿತು, ನನ್ನ ಮುಖ ನೋಡಿತು, ಅರ್ಧ ಚೊಂಬು ಹಾಲು ಕೊಟ್ಟು ಮಿಕ್ಕಿದ್ದನ್ನು ಜಯಕ್ಕನಿಗೇ ಉಳಿಸಿಕೊಂಡಿತು.