ಗೆರೆಯ ದಪ್ಪ

ಸೋಮವಾರ ಬೆಳಿಗ್ಗೆ ಪುಸ್ತಕ ಕಟ್ಟುವ ಬೈಂಡರ್ ಯೋಜನಾ ಕಚೇರಿಗೆ ಬಂದಾಗ ಅವರ ಕೈಯಲ್ಲಿ ದೂರಿನ ಅರ್ಜಿ ಇರಲಿಲ್ಲ, ಒಂದು ಕಬ್ಬಿಣದ ಅಡಿಪಟ್ಟಿ ಇತ್ತು. ಅದನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಆಕೆಯ ಎದುರಿನ ಕುರ್ಚಿಯಲ್ಲಿ ಕೂತರು.

"ಮೇಡಂ, ರಸ್ತೆ ಅಳೆಯೋಕೆ ಬಂದ ನಿಮ್ಮವರು ನನ್ನ ಅಂಗಡೀಲಿ ಎರಡು ಗುರುತು ಹಾಕಿ ಹೋಗಿದ್ದಾರೆ. ಹೋದ ವಾರ ಬಂದವರು ಕೆಂಪು, ಮೊನ್ನೆ ಬಂದವರು ಹಳದಿ. ಕೆಂಪು ಕೆಳಗಿನ ಮೆಟ್ಟಿಲ ಮೇಲಿದೆ. ಹಳದಿ ಒಳಗೆ, ಮೆಷಿನ್ ಹಿಂದೆ. ಎರಡರ ಮಧ್ಯೆ ಎರಡು ಮೀಟರ್. ನಾನೇ ಅಳೆದೆ. ಇದರಲ್ಲಿ ನಿಮ್ಮದು ಯಾವುದು?"

"ಎರಡೂ ನಮ್ಮದೇ ಇರಬೇಕು."

"ಹಾಗಾದ್ರೆ ರಸ್ತೆ ಯಾವುದು?"

ನಗರಾಡಳಿತದ ಯೋಜನಾ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ದುಡಿದ ಆಕೆಯನ್ನು ಕಚೇರಿಯಲ್ಲಿ ಎಲ್ಲರೂ ನಕ್ಷೆ ಮೇಡಂ ಎನ್ನುತ್ತಿದ್ದರು. ಯಾವ ಬೀದಿ ಎಷ್ಟು ಅಗಲ ಎಂದು ಕಡತ ನೋಡದೆ ಹೇಳುವವರು ಎಂಬ ಹೆಸರಿತ್ತು. ಈ ಬೀದಿಯದನ್ನು ಹೇಳಲಾಗಲಿಲ್ಲ.

ಬೈಂಡರ್ ಅವರ ಕಾಗದ ಕತ್ತರಿಸುವ ಮೆಷಿನ್ ಎರಕದ ಕಬ್ಬಿಣದ್ದು. ಅಂಗಡಿಯ ಮುಂಭಾಗದಲ್ಲಿ ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸಿದ್ದು. ಹಿಂದೆ ಮಹಡಿಯ ಮೆಟ್ಟಿಲು ಇರುವುದರಿಂದ ಅದನ್ನು ಒಳಗೆ ಸರಿಸಲು ಜಾಗವಿಲ್ಲ. ಕೆಂಪು ಸರಿಯಾದರೆ ಅಂಗಡಿ ಉಳಿಯುತ್ತದೆ, ಹಳದಿ ಸರಿಯಾದರೆ ಇಲ್ಲ. ರಸ್ತೆ ಅಗಲ ಮಾಡುವ ಕೆಲಸಕ್ಕೆ ಶನಿವಾರದೊಳಗೆ ವರದಿ ಕೊಡಬೇಕಿತ್ತು. ವರದಿ ಬರೆಯಬೇಕಾದವರು ಆಕೆಯೇ.

ಬೈಂಡರ್ ಹೋದ ಮೇಲೆ ಆಕೆ ಹಳೆಯ ನಕ್ಷೆ ಸಂಪುಟ ತರಿಸಿ ಆ ಬೀದಿಯಿದ್ದ ಹದಿನೇಳನೆಯ ಹಾಳೆ ತೆರೆದರು. ನಕ್ಷೆಯ ಒಂದು ಮಿಲಿಮೀಟರ್ ಎಂದರೆ ನೆಲದ ನಾಲ್ಕು ಮೀಟರ್. ರಸ್ತೆಯ ಗಡಿಗೆರೆಯ ಮೇಲೆ ಭೂತಗನ್ನಡಿ ಇಟ್ಟು ಅಳೆದರೆ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪ ಇತ್ತು. ಅಂದರೆ ಎರಡು ಮೀಟರ್. ಮೊದಲ ತಂಡ ಗೆರೆಯ ಹೊರ ಅಂಚು, ಅಂದರೆ ರಸ್ತೆ ಕಡೆಯದು, ಹಿಡಿದು ಅಳೆದಿತ್ತು, ಎರಡನೆಯ ತಂಡ ಅಂಗಡಿ ಕಡೆಯ ಒಳ ಅಂಚು ಹಿಡಿದು. ಇಬ್ಬರೂ ತಪ್ಪು ಮಾಡಿರಲಿಲ್ಲ. ಬೈಂಡರ್ ಅವರ ಮೆಷಿನ್ ಪೂರ್ತಿಯಾಗಿ ಗೆರೆಯ ಶಾಯಿಯೊಳಗೆ ನಿಂತಿತ್ತು.

ಉಳಿದ ಹಾಳೆಗಳಲ್ಲಿ ಗೆರೆ ಕೂದಲಿನಷ್ಟು ತೆಳು. ಇದೊಂದೇ ದಪ್ಪ. ಅಗಲವನ್ನು ಅಂಕಿಯಲ್ಲಿ ಬರೆಯುವ ಪದ್ಧತಿ ಆಗ ಇರಲಿಲ್ಲ, ಗೆರೆಯೇ ಗಡಿ. ಯಾವ ಅಂಚು ಎಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಆಕೆ ಮಧ್ಯಾಹ್ನದವರೆಗೆ ಹುಡುಕಿದರು.

ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಹಳೆಯ ಲಕೋಟೆಯೊಂದರ ಹಿಂದೆ ದಪ್ಪ ಗೆರೆ ಎಳೆದು ಅತ್ತೆಯ ಮುಂದೆ ಸರಿಸಿದರು.

"ಅತ್ತೆ, ಇದು ನಿಮ್ಮ ಜಾಗದ ಗಡಿ ಅಂದ್ಕೊಳ್ಳಿ. ನಿಮ್ಮ ಜಾಗ ಎಲ್ಲಿಗೆ ಮುಗೀತು?"

"ಪಕ್ಕದಲ್ಲಿ ಯಾರಿದ್ದಾರೆ?"

"ಯಾರಾದ್ರೂ ಇರಲಿ."

"ಹಾಗೆಂದ್ರೆ ಹೇಗೆ? ಒಳ್ಳೆಯವರಾದ್ರೆ ಈಚೆ ಅಂಚು, ಜಗಳಗಂಟರಾದ್ರೆ ಆಚೆ ಅಂಚು." ಅತ್ತೆ ಲಕೋಟೆಯನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದರು. "ಊರಿಗೆಲ್ಲ ರಸ್ತೆ ಹಾಕೋಳು ನೀನು. ಇವತ್ತೂ ನಮ್ಮ ಬಸ್ ಸ್ಟಾಪ್ ದಾಟಿ ಇಳಿದು ನಡ್ಕೊಂಡು ಬಂದೆ ತಾನೆ?"

ಹೌದು, ಎರಡು ಸ್ಟಾಪ್ ದಾಟಿತ್ತು.

ಮರುದಿನ ಆಕೆ ಇಂಕಜ್ಜನ ಮನೆಗೆ ಹೋದರು. ಅಂಗಿಯ ತೋಳಿನಲ್ಲಿ ಸದಾ ಶಾಯಿಯ ಕಲೆ ಇರುತ್ತಿದ್ದ ಕಾರಣ, ಆ ಹಾಳೆ ಬರೆದ ನಕ್ಷೆಗಾರರಿಗೆ ಆ ಹೆಸರು ಬಿದ್ದಿತ್ತು. ನಿವೃತ್ತರಾಗಿ ಒಂಬತ್ತು ವರ್ಷ. ನಕ್ಷೆ ಬರೆಯುವ ಹಲಗೆಯ ಮೇಲೆ ಈಗ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು.

"ಹದಿನೇಳನೇ ಹಾಳೆಯಾ? ಅದನ್ನ ಮರೆಯೋಕಾಗುತ್ತಾ ಮೇಡಂ. ಆ ದಿನ ತೆಳು ಪೆನ್ನು ಕಟ್ಕೊಂಡಿತ್ತು. ಬಿಸಿನೀರಲ್ಲಿ ಅದ್ದಿದೆ, ಊದಿದೆ, ಬೈದೆ. ಜಪ್ಪಯ್ಯ ಅನ್ನಲಿಲ್ಲ. ಸಾಹೇಬರಿಗೆ ಸಂಜೆಗೇ ಬೇಕಿತ್ತು. ದಪ್ಪ ಪೆನ್ನಲ್ಲೇ ಎಳೆದುಬಿಟ್ಟೆ."

"ಹಾಗಾದ್ರೆ ಯಾವ ಅಂಚಿಗೆ ಅಳೀಬೇಕು ಅಣ್ಣ?"

"ಅದನ್ನ ಹಾಳೆಯ ಕೆಳಗೆ, ತುದೀಲಿ ಬರೆದಿದ್ದೀನಲ್ಲ."

"ಅಲ್ಲಿ ಏನೂ ಇಲ್ಲ."

"ಕನ್ನಡಕ ಹಾಕ್ಕೊಂಡು ನೋಡಿದ್ರಾ?"

"ಭೂತಗನ್ನಡಿ ಹಾಕಿ ನೋಡಿದೆ. ಏನಂತ ಬರೆದಿದ್ರಿ?"

ಇಂಕಜ್ಜ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸೂರು ನೋಡಿದರು. "ಬರೆದದ್ದು ನೆನಪಿದೆ. ಏನು ಬರೆದೆ ಅನ್ನೋದು... ಒಳಗೆ ಅಂತಲೋ ಹೊರಗೆ ಅಂತಲೋ. ನೆನಪಿಟ್ಕೊಳ್ಳೋ ಕಷ್ಟ ಬೇಡ ಅಂತ ತಾನೇ ಬರೆದಿಡೋದು?"

ಕಚೇರಿಗೆ ಮರಳಿ ಆಕೆ ಹಾಳೆಯ ಕೆಳಗಿನ ಅಂಚನ್ನು ಮತ್ತೆ ನೋಡಿದರು. ಚೌಕಟ್ಟಿನ ಕೆಳಗೆ ಒಂದು ಬೆರಳಿನಷ್ಟು ಬಿಳಿ ಜಾಗ, ಅಷ್ಟೆ. ಅಂಚು ಚಾಕುವಿನಿಂದ ಕೊಯ್ದಂತೆ ನೇರವಾಗಿತ್ತು. ಎಲ್ಲ ಹಾಳೆಗಳೂ ಹಾಗೆಯೇ. ಹಿಂದಿನ ರಟ್ಟಿನ ಒಳಬದಿಯಲ್ಲಿ ಬೈಂಡಿಂಗ್ ಅಂಗಡಿಯ ಮುದ್ರೆ ಇತ್ತು. ಬೀದಿ ಅದೇ. ಅಂಗಡಿಯೂ ಅದೇ.

ಬುಧವಾರ ಅಂಗಡಿಗೆ ಹೋಗಿ ಕೇಳಿದಾಗ ಬೈಂಡರ್ ಮೆಷಿನ್ ಒರೆಸುತ್ತಲೇ ಉತ್ತರಿಸಿದರು.

"ಕತ್ತರಿಸಿದ್ದೀನಿ. ಅಂಚು ಕತ್ತರಿಸದೆ ಕೊಟ್ರೆ ಅದು ಬೈಂಡಿಂಗ್ ಅಲ್ಲ ಮೇಡಂ, ಮೂಟೆ."

"ಅದರಲ್ಲಿ ಬರಹ ಇತ್ತಂತೆ."

"ಇತ್ತು ಅಂತ ನಿಮ್ಮವರು ಹೇಳಬೇಕಿತ್ತು." ಅವರ ಕೈ ನಿಂತಿತು. "ಯಾವ ಹಾಳೆ? ಈ ಬೀದೀದಾ? ಇದೇ ಮೆಷಿನ್‌ನಲ್ಲಾ?"

ಆಕೆ ತಲೆಯಾಡಿಸಿದರು. ಬೈಂಡರ್ ಒರೆಸುವ ಬಟ್ಟೆಯನ್ನು ಕೆಳಗಿಟ್ಟು ಹೇಳಿದರು: "ನಕ್ಷೆ ಕಾಗದ ಗಟ್ಟಿ ಇರುತ್ತೆ. ಬಿಸಾಡೋಕೆ ಮನಸ್ಸು ಬರಲ್ಲ. ಕತ್ತರಿಸಿದ ಪಟ್ಟಿಗಳನ್ನ ಅದೇ ಪುಸ್ತಕದ ಬೆನ್ನಿಗೆ ಒಳಗಿಂದ ಅಂಟಿಸ್ತೀನಿ. ಬಿಚ್ಚಿದ್ರೆ ಸಿಕ್ಕಬಹುದು."

"ಒಳ ಅಂಚು ಅಂತ ಬರೆದಿದ್ರೆ?"

"ಅದನ್ನ ನಾನು ಯೋಚಿಸಿಲ್ಲ ಅಂದ್ಕೊಂಡ್ರಾ?"

ಆ ಸಂಜೆ ಆಕೆ ಕಚೇರಿಯಲ್ಲಿ ಕೂತು ಲೆಕ್ಕ ಹಾಕಿದರು. ಬಿಚ್ಚದಿದ್ದರೆ ಯಾರೂ ಕೇಳುವುದಿಲ್ಲ; ಆದರೆ ಯಾವುದೋ ಒಂದು ಅಂಚನ್ನು ತಾನು ಆರಿಸಬೇಕು. ಹೊರ ಅಂಚು ಆರಿಸಿದರೆ ಈ ಮನುಷ್ಯನ ಮುಖ ನೋಡಿ ಆರಿಸಿದಂತೆ. ಒಳ ಅಂಚು ಆರಿಸಿದರೆ, ಮುಖ ನೋಡಿಲ್ಲ ಎಂದು ತೋರಿಸಿಕೊಳ್ಳಲು ಆರಿಸಿದಂತೆ. ಎರಡನ್ನೂ ಕಾಗದದ ಮೇಲೆ ಬರೆದು ನೋಡಿದರು. ಎರಡೂ ತಪ್ಪಾಗಿ ಕಂಡವು.

ಗುರುವಾರ ಸಂಪುಟವನ್ನು ದುರಸ್ತಿಗೆಂದು ಬರೆದು ಸಹಿ ಹಾಕಿ ಅಂಗಡಿಗೆ ತಂದರು. ತಮ್ಮ ಪ್ರಕರಣದ ದಾಖಲೆಯನ್ನು ಬೈಂಡರ್ ತಾವೇ ಬಿಚ್ಚುವುದರಿಂದ ಸಾಕ್ಷಿಗೆ ದಾಖಲೆ ಕೊಠಡಿಯ ಗುಮಾಸ್ತನನ್ನೂ ಕರೆತಂದರು. ಆತ ಸ್ಟೂಲಿನ ಮೇಲೆ ಕೂತು, ಊರಿನಲ್ಲಿ ಬೇರೆ ಬೈಂಡರ್ ಇಲ್ಲವೇ ಎಂದು ಎರಡು ಸಲ ಕೇಳಿದ.

ಬೈಂಡರ್ ಒದ್ದೆ ಬಟ್ಟೆಯಿಂದ ಬೆನ್ನನ್ನು ನೆನೆಸಿ, ಮೊಂಡು ಚಾಕುವಿನಿಂದ ಪದರ ಪದರವಾಗಿ ಎಬ್ಬಿಸಿದರು. ಪಟ್ಟಿಗಳು ಒಂದೊಂದಾಗಿ ಬಂದವು. ಒಂಬತ್ತನೆಯದರಲ್ಲಿ ಇಂಕಜ್ಜನ ನೆಟ್ಟನೆಯ ಅಕ್ಷರ ಇತ್ತು. ಬೈಂಡರ್ ಓದದೆ ಅದನ್ನು ಆಕೆಯ ಕಡೆ ಸರಿಸಿದರು.

"ಇಲ್ಲಿ ಪೆನ್ನು ದಪ್ಪ. ಗೆರೆಯ ಯಾವ ಅಂಚನ್ನೂ ನಂಬಬಾರದು. ಎದುರಿನ ಶಾಲೆಯ ಗೋಡೆಯಿಂದ ಹನ್ನೆರಡು ಮೀಟರ್, ಸ್ಥಳದಲ್ಲಿ ಅಳೆದು ನಕ್ಷೆ ಸರಿಪಡಿಸುವುದು." ಅದರ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ 'ನೋಡಿದೆ' ಎಂದಿತ್ತು. ಕೆಳಗೆ ಆಕೆಯದೇ ಚಿಕ್ಕ ಸಹಿ, ಹತ್ತೊಂಬತ್ತು ವರ್ಷ ಹಿಂದಿನ ತಾರೀಖು.

ಆಕೆ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಸಹಿ ತನ್ನದೇ. ನೋಡಿದ್ದು ನೆನಪಿಲ್ಲ. ಅಳೆಯಲು ಹೋಗಿದ್ದೆನೇ, ಹೋಗಿ ಮರೆತೆನೇ, ಬೇರೆ ಯಾರಿಗಾದರೂ ಹೇಳಿದ್ದೆನೇ, ಯಾವುದೂ ಹೊಳೆಯಲಿಲ್ಲ. ನಾಲ್ಕು ದಿನದಿಂದ ಯಾರ ತಪ್ಪನ್ನು ಹುಡುಕುತ್ತಿದ್ದೆ ಎಂಬುದೂ ಈಗ ಸ್ಪಷ್ಟವಿರಲಿಲ್ಲ.

"ಏನಂತೆ?" ಬೈಂಡರ್ ಕೇಳಿದರು.

"ಅಳೀಬೇಕಂತೆ. ನಾನೇ."

ಅಳತೆ ಟೇಪಿನ ಒಂದು ತುದಿಯನ್ನು ಗುಮಾಸ್ತ ಶಾಲೆಯ ಗೋಡೆಯ ಬುಡಕ್ಕೆ ಒತ್ತಿ ಹಿಡಿದ. ಇನ್ನೊಂದು ತುದಿಯನ್ನು ಆಕೆ ಎಳೆದುಕೊಂಡು ಬಂದರು. ಹನ್ನೆರಡು ಮೀಟರ್ ಮೂರನೆಯ ಮೆಟ್ಟಿಲಿನ ಹಿಂದೆ, ಹೊಸ್ತಿಲಿಗೆ ತಾಗಿ ನಿಂತಿತು.

"ಮೆಷಿನ್?"

"ಮೆಷಿನ್‌ಗೆ ಇನ್ನೂ ಅರ್ಧ ಮೀಟರ್ ಇದೆ. ಮೆಟ್ಟಿಲು ಮೂರೂ ಹೋಗುತ್ತೆ."

"ಹೋಗಲಿ ಬಿಡಿ. ಒಳಗೆ ಕಟ್ಕೋತೀನಿ." ಬೈಂಡರ್ ಮೆಟ್ಟಿಲ ಮೇಲೆಯೇ ಕೂತರು, ಅದು ಇರುವಷ್ಟು ಹೊತ್ತು ಕೂತುಬಿಡೋಣ ಎಂಬಂತೆ.

ಆಕೆ ಟೇಪ್ ಸುತ್ತಲಿಲ್ಲ. "ಇನ್ನೊಂದ್ಸಲ ಹಿಡಿ."

"ಸರಿ ಬಂತಲ್ಲ ಮೇಡಂ," ಎಂದ ಗುಮಾಸ್ತ.

"ಆ ಗೋಡೆಗೆ ಕಂಬ ಇದೆ. ಕಂಬ ಗೋಡೆಯೋ ಅಲ್ವೋ?"

ಕಂಬದಿಂದ ಅಳೆದರೆ ಎಂಟು ಸೆಂಟಿಮೀಟರ್ ಒಳಗೆ ಬಂತು. ಹೊಸ್ತಿಲು ದಾಟಿತು, ಮೆಷಿನ್ ಮುಟ್ಟಲಿಲ್ಲ. ಆಕೆ ಟೇಪ್ ಸುತ್ತುತ್ತಾ ಬೀದಿಯ ಮಧ್ಯಕ್ಕೆ ಬಂದರು. ಸೈಕಲ್ ಸವಾರನೊಬ್ಬ ಗಂಟೆ ಬಾರಿಸಿ ಸುತ್ತಿಹೋದ.

"ಯಾವುದು ಬರ್ಕೊಳ್ಳಲಿ?" ಗುಮಾಸ್ತ ಪೆನ್ಸಿಲ್ ಎತ್ತಿದ.

"ಎರಡೂ ಬರಿ. ಅಳೆದವರ ಹೆಸರು, ಇವತ್ತಿನ ತಾರೀಖು. ಹತ್ತೊಂಬತ್ತು ವರ್ಷ ತಡ ಅಂತಲೂ ಬರಿ, ಅದು ನನ್ನ ಲೆಕ್ಕ." ಆಮೇಲೆ ಬೈಂಡರ್ ಕಡೆ ತಿರುಗಿದರು. "ಶನಿವಾರದೊಳಗೆ ಪುಸ್ತಕ ಕಟ್ಟಿ ಕೊಡ್ತೀರಾ? ಆ ಪಟ್ಟೀನ ಅದರ ಹಾಳೆಗೇ ಅಂಟಿಸಿ. ಈ ಸಲ ಅಂಚು ಕತ್ತರಿಸಬೇಡಿ."

"ಮೂಟೆ ತರ ಕಾಣುತ್ತೆ ಮೇಡಂ."

"ಕಾಣಲಿ."