ಫರಸಿ ಕಲ್ಲಿನ ಕಂಪ್ಯೂಟರ್

ನನಗೆ ಬರಹ ಅಷ್ಟಕ್ಕಷ್ಟೆ. ಸಾಕ್ಷರತೆ ಕ್ಲಾಸಿನಲ್ಲಿ ಕಲಿತ ಅಕ್ಷರ, ಒತ್ತು ದೀರ್ಘ ಈಗಲೂ ತಪ್ಪುತ್ತವೆ. ತಪ್ಪಿದರೆ ತಪ್ಪಲಿ. ಇದನ್ನು ಬರೆಯುವವರು ನನ್ನ ಬಿಟ್ಟು ಯಾರೂ ಇಲ್ಲ.

ನಮ್ಮ ಊರು ಶಹಾಬಾದದ ಹತ್ತಿರ. ನಮ್ಮನಿಯವರು, ಅಂದರೆ ನನ್ನ ಗಂಡ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸದವರು. ಖಣಿಯಿಂದ ಕಲ್ಲು ತೆಗೆಯುವವರು ಬೇರೆ, ಕೊಯ್ದು ಪಾಲಿಶ್ ಮಾಡುವವರು ಬೇರೆ. ಇವರು ಅದರ ಮೇಲೆ ಅಕ್ಷರ ಕೆತ್ತುತ್ತಿದ್ದರು. ಮನೆ ಬಾಗಿಲಿಗೆ ಹಾಕುವ ಹೆಸರು, ಗುಡಿ ಮೆಟ್ಟಿಲಿನ ಮೇಲೆ ದಾನ ಕೊಟ್ಟವರ ಹೆಸರು, ಸತ್ತವರ ಹೆಸರು. ಕನ್ನಡ ಓದುತ್ತಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಎ ಇಂದ ಜೆಡ್ ತನಕ ಆಕಾರವೆಲ್ಲ ಕೈಯಲ್ಲಿತ್ತು. ಸಾಲಾಗಿ ಬಾಯಿಪಾಠವೂ ಇತ್ತು.

ಅವರಿಗೊಂದು ಹಟ. ಜನ ಚೀಟಿಯಲ್ಲಿ ತಪ್ಪು ತಪ್ಪು ಬರೆದು ತರುತ್ತಿದ್ದರು. ಒತ್ತು ಬಿಟ್ಟಿರುತ್ತಿದ್ದರು, ಅಪ್ಪನ ಹೆಸರಿಗೆ ಸೊನ್ನೆ ಮರೆತಿರುತ್ತಿದ್ದರು. ಇವರು ಯಾರನ್ನೂ ಕೇಳದೆ ಸರಿಮಾಡಿ ಕೆತ್ತುತ್ತಿದ್ದರು. "ಕಾಗದದಾಗ ತಪ್ಪಿದ್ರ ಹರಿದು ಒಗೀಬಹುದು, ಫರಸಿದಾಗ ತಪ್ಪಿದ್ರ ಏನ್ ಮಾಡ್ತಿ" ಅನ್ನುತ್ತಿದ್ದರು. ಆ ಹಟಕ್ಕೇ ಜನ ಇವರನ್ನು ಹುಡುಕಿಕೊಂಡು ಬರುತ್ತಿದ್ದರು.

ಎರಡು ಸಾವಿರದ ಇಸ್ವಿ ದಾಟಿತ್ತು. ಊರ ಸಾಲಿಗೆ ಕಂಪ್ಯೂಟರ್ ಬರುತ್ತದೆ ಅಂತ ಮಾತಿತ್ತು. ಮಾತು ಬಂದಿತ್ತು, ಅದು ಬಂದಿರಲಿಲ್ಲ. ಸಾಲಿಯ ಒಬ್ಬ ಹರೆಯದ ಮಾಸ್ತರು ಒಂದು ಹಾಳೆ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಹಾಳೆ ತುಂಬ ಸಣ್ಣ ಸಣ್ಣ ಚೌಕ, ಒಂದೊಂದರಲ್ಲೂ ಒಂದು ಇಂಗ್ಲಿಷ್ ಅಕ್ಷರ.

"ಕಾಕಾ, ಇದನ್ನ ಒಂದ್ ಫರಸಿ ಮ್ಯಾಲ ಕೆತ್ತಿ ಕೊಡ್ರಿ. ಇದು ಕಂಪ್ಯೂಟರಿನ ಕೀಲಿಮಣಿ."

"ಕಲ್ಲಿನ ಕಂಪ್ಯೂಟರ್ ಏನ್ರಿ ಮಾಸ್ತರ?"

"ಹೌದ್ರಿ. ಖರೇದು ಇವತ್ತ ಬರ್ತದ ನಾಳಿ ಬರ್ತದ ಅಂತಾರ. ಅಲ್ಲೀತನ ಹುಡುಗರ ಬೆರಳರೆ ಕಲೀಲಿ. ಇದಕ್ಕ ಕರೆಂಟ್ ಬ್ಯಾಡ, ಕೆಡಂಗಿಲ್ಲ. ಕಳ್ಳರೂ ಒಯ್ಯಂಗಿಲ್ಲ, ಅಷ್ಟು ವಜ್ಜಿ."

ಅದೇ ವಾರ ಆ ಮಾಸ್ತರಿಗೆ ಚಿಂಚೋಳಿ ಕಡೆ ವರ್ಗ ಆಯಿತು. ಹಾಳೆ ನಮ್ಮ ಮನೆಯಲ್ಲಿ ಉಳಿಯಿತು. ನಮ್ಮನಿಯವರು ಕಲ್ಲು ಅಳತೆ ಮಾಡಿ, ಹಾಳೆ ಬಿಸಿಲಿಗೆ ಹಿಡಿದು ನೋಡಿದರು.

"ಹುಡುಗ ಮಾಸ್ತರ, ಅವಸರದಾಗ ಬರ್ದಾನ. ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗ್ಯಾವ. ಎ ಎಲ್ಲದ, ಬಿ ಎಲ್ಲದ!"

"ಕೇಳಿ ಕೆತ್ತರಿ" ಅಂದೆ.

"ಕೇಳಾಕ ಆಂವ ಎಲ್ಲಿದ್ದಾನ? ನಾಕ್ ಮಂದಿ ನೋಡಿ ನಗತಾರ. ಮಾಸ್ತರನ ಮರ್ಯಾದಿ ನಾ ಉಳಸ್ತೀನಿ ಬಿಡು."

ಚೌಕಗಳನ್ನು ಹಾಳೆಯಲ್ಲಿ ಇದ್ದ ಹಾಗೆಯೇ ಮೂರು ಸಾಲು ಮಾಡಿದರು. ಅಕ್ಷರ ಮಾತ್ರ ಎ ಬಿ ಸಿ ಅಂತ ಸಾಲಾಗಿ ಕೂಡಿಸಿದರು. ಒಳಗೆ ಕರಿ ಬಣ್ಣ ತುಂಬಿದರು. ಭಾಳ ಚಂದ ಆಗಿತ್ತು. ನಾನು ಸುಳ್ಳು ಹೇಳುವುದಿಲ್ಲ, ಅವರು ಕೆತ್ತಿದ್ದರಲ್ಲಿ ಅಷ್ಟು ನೀಟಾದ ಕಲ್ಲು ಇನ್ನೊಂದಿಲ್ಲ.

ಆ ಮಾಸ್ತರ ಜಾಗಕ್ಕೆ ವಯಸ್ಸಾದವರೊಬ್ಬರು ಬಂದರು. ವೈಷ್ಣವರ ಮನೆಯವರು, ಹಣೆಗೆ ಅಂಗಾರ ಅಕ್ಷಂತಿ ಇಲ್ಲದೆ ಸಾಲಿಗೆ ಬಂದದ್ದಿಲ್ಲ. ಇಂಗ್ಲಿಷ್ ಚೊಲೊ ಹೇಳುತ್ತಿದ್ದರು. ಕಂಪ್ಯೂಟರ್ ಟ್ರೇನಿಂಗಿಗೂ ಹೋಗಿ ಬಂದಿದ್ದರು. "ಒಂದ್ ಮಷಿನಿಗೆ ಒಂದ್ ಖೋಲಿ ತುಂಬ ಮಾಸ್ತರ್ರು. ಮುಂದ ನಿಂತವರ ಬೆನ್ನು ಬಿಟ್ರ ನನಗ ಏನೂ ಕಾಣಲಿಲ್ಲ" ಅಂತ ಅವರೇ ನಗುತ್ತಿದ್ದರು. ಕಲ್ಲು ನೋಡಿ ಕೈ ಸವರಿದರು. ಸಾಲಿ ಪಡಸಾಲೆಯಲ್ಲಿ ಇಡಿಸಿದರು. ಒಬ್ಬೊಬ್ಬರೇ ಹುಡುಗರನ್ನು ಕೂಡಿಸಿ, ಒಂದು ಶಬ್ದ ಹೇಳಿ, ಬೆರಳಿನಿಂದ ಬಡಿಸುತ್ತಿದ್ದರು. ಕಲ್ಲಿನ ಮೇಲೆ ಏನು ಮೂಡುತ್ತದೆ? ಏನೂ ಇಲ್ಲ. ಆದರೂ ಹುಡುಗರು ಜಗಳಾಡಿ ಪಾಳಿ ಹಚ್ಚುತ್ತಿದ್ದರು.

ನನ್ನ ಮಗಳು ಎಲ್ಲರಿಗಿಂತ ಮುಂದೆ. ಹತ್ತನೇ ಪಾಸಾಗುವಷ್ಟರಲ್ಲಿ ಕಲ್ಲಿನ ಕಡೆ ನೋಡದೇ ಬಡಿಯುತ್ತಿದ್ದಳು. ಮನೆಯಲ್ಲಿ ರೊಟ್ಟಿ ಹಿಟ್ಟಿನ ಮೇಲೂ ಅದೇ ಬೆರಳಾಟ. "ರೊಟ್ಟಿ ಬಡಿ, ಎಬಿಸಿಡಿ ಬಡೀಬ್ಯಾಡ" ಅಂತ ನಾನು ಬೈಯುತ್ತಿದ್ದೆ.

ಆಕೆಗೆ ಮಾಸ್ತರಿಣಿ ಆಗಬೇಕು ಅಂತ ಆಸೆ. ಆಗ ಸೇಡಂನಲ್ಲಿ ಒಂದು ಸಂಸ್ಥೆಯವರು ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತೇವೆ, ಹಾಸ್ಟೆಲು ಊಟ ನಮ್ಮದು, ಕಲಿತವರನ್ನು ಹಳ್ಳಿ ಸಾಲಿಗಳಿಗೆ ಕಂಪ್ಯೂಟರ್ ಕಲಿಸಲು ಕಳಿಸುತ್ತೇವೆ ಅಂದರು. ಮೊದಲು ಒಂದು ಪರೀಕ್ಷೆ. ಕಂಪ್ಯೂಟರಿನ ಮುಂದೆ ಕೂತು, ಅವರು ಕೊಟ್ಟದ್ದನ್ನು ಬಡಿದು ತೋರಿಸಬೇಕು.

ಇತ್ತ ನನ್ನ ತಮ್ಮ ಇದ್ದ, ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಹೊಲಮನೆ ನೋಡಿಕೊಂಡು. ಮಗಳು ತೊಟ್ಟಿಲಲ್ಲಿ ಇದ್ದಾಗಲೇ ಅವನಿಗೆ ಅಂತ ಮಾತಾಗಿತ್ತು. ಕೆಟ್ಟವನಲ್ಲ. ಆದರೆ ಮಗಳು ಒಲ್ಲೆ ಅನ್ನುತ್ತಿದ್ದಳು. ಹಿರಿಯರು ಕೂತು ಹೇಳಿದರು: ಪರೀಕ್ಷೆ ಪಾಸಾದರೆ ಹುಡುಗಿ ಕಲಿಯಲಿ, ತಮ್ಮನಿಗೆ ಬೇರೆ ಹೆಣ್ಣು ನೋಡೋಣ. ಆಗಲಿಲ್ಲವೋ, ಹದಿನೆಂಟು ತುಂಬಿದ ಮೇಲೆ ತಮ್ಮನ ಜೊತೆ ಅಕ್ಕಿಕಾಳು, ಮದುವೆ. ಮಗಳು ಹೂಂ ಅಂದಳು. ನಮ್ಮನಿಯವರು ನಕ್ಕು ಅಂದರು, "ನನ್ನ ಕಲ್ಲಿನ ಮ್ಯಾಲ ಕಲ್ತಾಕಿ, ಫೇಲ್ ಹ್ಯಾಂಗ ಆಗ್ತಾಳ."

ವಾಡಿಯಲ್ಲಿ ರೈಲು ಬದಲಿಸಿ ನಾನೇ ಆಕೆಯನ್ನು ಸೇಡಂಗೆ ಕರೆದುಕೊಂಡು ಹೋದೆ. ಒಳಗೆ ಹೋಗುವಾಗ ಬೆರಳು ಮುರಿದು ಲಟಿಕೆ ತೆಗೆದಳು. ನಾನು ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ಕೂತೆ. ಒಳಗೆ ಯಾರೋ ನಕ್ಕದ್ದು ಕೇಳಿಸಿತು. ಎಲ್ಲರಿಗಿಂತ ಕೊನೆಗೆ ಹೊರಬಂದಳು. "ಏನಾತು" ಅಂದೆ. ಚಪ್ಪಲಿ ಮೆಟ್ಟಿ ಸ್ಟೇಷನ್ ದಾರಿ ಹಿಡಿದಳು. ರೈಲು ಚಿತ್ತಾಪುರ ದಾಟಿತು.

"ಅವ್ವ, ಅಪ್ಪನ ಕಲ್ಲು ತಪ್ಪು ಅದ" ಅಂದಳು ಆಮೇಲೆ.

"ಏನ್ ತಪ್ಪು?"

"ಎ ಅಂತ ಒತ್ತಿದ್ರ ಕ್ಯೂ ಬಂತು. ಬಿ ಅಂತ ಒತ್ತಿದ್ರ ಡಬ್ಲ್ಯೂ ಬಂತು. ಮಷಿನ್ ಕೆಟ್ಟದರಿ ಅಂದೆ. 'ಮಷಿನ್ ಕೆಟ್ಟಿಲ್ಲ, ನೀ ಕಲ್ತಿದ್ದು ಕೆಟ್ಟದ' ಅಂತ ಪರೀಕ್ಷಾದ ಮೇಡಮ್ಮಾರು ನಕ್ಕರು. ಕೆಳಗ ನೋಡೀನಿ, ಎಲ್ಲಾ ಅಕ್ಷರ ಬ್ಯಾರೆ ಬ್ಯಾರೆ ಕಡಿ ಕುಂತಾವ. ನೋಡಿ ನೋಡಿ ಒತ್ತೋಣಂದ್ರ ಬೆರಳು ಕೇಳವಲ್ವು. ತಮ್ಮ ಜಾಗಕ್ಕೇ ಓಡಿ ಹೋಗ್ಲಿಕತ್ವು."

ಏನೂ ಕಲಿಯದೆ ಬಂದ ಹುಡುಗಿಯರು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಪಾಸಾಗಿದ್ದರು. ಕಲಿತು ಹೋದಾಕೆ ಈಕೆ ಒಬ್ಬಳೇ.

ಶಹಾಬಾದ ಸ್ಟೇಷನ್ನಿಗೆ ನಮ್ಮನಿಯವರು ಬಂದು ನಿಂತಿದ್ದರು. ಧೋತರ ಒಗೆದು ಉಟ್ಟಿದ್ದರು. ಮಗಳು ನನ್ನ ಕೈ ಚಿವುಟಿ, ಮುಂದೆ ಹೋಗಿ ಅಂದಳು, "ಕರೆಂಟ್ ಹೋತಪ್ಪ. ಬರಿಯಾಕ ಆಗಲಿಲ್ಲ. ಮತ್ತ ಪರೀಕ್ಷಾ ಇಡಂಗಿಲ್ಲ ಅಂತ."

ಅವರು ದಾರಿಯುದ್ದಕ್ಕೂ ಕರೆಂಟಿನವರನ್ನು ಬೈದರು. "ಅವರ ಮಷಿನಿಗಿಂತ ನನ್ನ ಕಲ್ಲೇ ಬೇಷ್ ಅಲ್ಲೇನವ್ವ?" ಅಂದರು. "ಹೌದಪ್ಪ" ಅಂದಳು.

ಮರುದಿನ ಆಕೆ ಹೋಗಿ ಹಿರಿ ಮಾಸ್ತರಿಗೆ ಹೇಳಿ ಬಂದಳು, ಉಳಿದ ಹುಡುಗರೂ ಹಾಳಾಗಬಾರದು ಅಂತ. ಅಪ್ಪನಿಗೆ ಮಾತ್ರ ಹೇಳಬೇಡಿ ಅಂದಳಂತೆ. ಅವರು ಪಡಸಾಲೆಗೆ ಹೋಗಿ ಕಲ್ಲಿನ ಮುಂದೆ ನಿಂತರಂತೆ. "ಇಷ್ಟು ವರ್ಷ ಇಂಗ್ಲಿಷ್ ಹೇಳಿದಾತ ನಾ. ಎ ಮುಂದ ಬಿ ನೋಡಿ ಖುಷಿ ಪಟ್ಟೆ" ಅಂದರಂತೆ. ಸಂಜೆ ನಮ್ಮ ಮನೆಗೆ ಬಂದು, ಸಾಲಿಗೆ ಖರೇ ಕಂಪ್ಯೂಟರ್ ಬರುವುದು ಖಾತ್ರಿ ಆಗಿದೆ, ಕಲ್ಲನ್ನು ಒಳಗೆ ಇಡಿಸಿದ್ದೇನೆ ಅಂತ ನಮ್ಮನಿಯವರಿಗೆ ಹೇಳಿದರು. ಮಡಿವಂತರು, ನಮ್ಮ ಮನೆಯಲ್ಲಿ ನೀರು ಕುಡಿದವರಲ್ಲ. ಅವತ್ತು ಚಹಾ ಕುಡಿದು ಹೋದರು.

ಹದಿನೆಂಟು ತುಂಬಿತು. ಮದುವೆ ಆಯಿತು. ಮಗಳು ಅಳಲಿಲ್ಲ, ಕೊಡ್ಲಿಗೆ ಹೋದಳು.

ಆಮೇಲೆ ಒಂದು ದಿನ ನಮ್ಮನಿಯವರು ವಾಡಿಗೆ ಕೆಲಸದ ಮೇಲೆ ಹೋಗಿದ್ದರು, ಒಬ್ಬ ಗುತ್ತೇದಾರನ ಆಫೀಸಿಗೆ ಹೆಸರಿನ ಕಲ್ಲು ಕೂಡಿಸಲು. ತಿರುಗಿ ಬಂದವರು ಕೈಕಾಲು ತೊಳೆಯಲಿಲ್ಲ.

"ಅಲ್ಲಿ ಟೇಬಲ್ ಮ್ಯಾಲ ಕಂಪ್ಯೂಟರ್ ಇತ್ತು. ಮೊದಲ ಅಕ್ಷರ ಕ್ಯೂ ಅದ. ಆ ಹುಡುಗ ಮಾಸ್ತರ ಬರ್ದಿದ್ದೇ ಖರೆ ಇತ್ತು."

ನಾನು ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟೆ.

"ಆಕಿಗಿ ಗೊತ್ತದೇನು?"

"ಗೊತ್ತದ."

"ಮತ್ತ ಕರೆಂಟ್?"

"ಕರೆಂಟ್ ಹೋಗಿದ್ದಿಲ್ಲ."

ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ. ಅವರು ಅಂಗಳಕ್ಕೆ ಹೋಗಿ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿದರು. ಎದ್ದು ಬಂದು ಒಂದೇ ಮಾತು ಅಂದರು, "ನನಗ ಗೊತ್ತಾದದ್ದು ಆಕಿಗಿ ಹೇಳಬ್ಯಾಡ. ಅಪ್ಪನ ಸಲುವಾಗಿ ಸುಳ್ಳು ಹೇಳ್ಯಾಳ, ಹಾಂಗೇ ಇರಲಿ."

ಅಲ್ಲಿಂದ ಇಂಗ್ಲಿಷ್ ಅಕ್ಷರ ಕೆತ್ತುವುದು ಬಿಟ್ಟರು. ಕನ್ನಡ ಹೆಸರು ಯಾರಾದರೂ ತಂದರೆ ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ, ತಪ್ಪಿದ್ದರೆ ತಪ್ಪೇ ಕೆತ್ತಿ ಕೊಟ್ಟರು. ಜನ ಬೈದು ಬೇರೆ ಕಡೆ ಹೋದರು.

ಮಗಳು ಹಬ್ಬಕ್ಕೆ ಬಂದರೆ ಅಡಿಗೆ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಇವರು ಹೊರಗಿಂದ ಒಳಗೆ ಬರುತ್ತಿರಲಿಲ್ಲ. "ಆರಾಮ ಅದಿ ಏನವ್ವ." "ಆರಾಮ ಅಪ್ಪ." ಅಷ್ಟೇ. ಮೊದಲು ಹಾಗಿರಲಿಲ್ಲ. ಅಪ್ಪ ಮಗಳು ಕೂಡಿದರೆ ನನ್ನನ್ನೇ ಆಡಿಕೊಂಡು ನಗುತ್ತಿದ್ದವರು. ಹೀಗೇ ವರ್ಷ ಹೋದವು. ಕಲ್ಲಿನ ಧೂಳು ಇವರ ಎದೆಯಲ್ಲಿ ಕೂತಿತ್ತು, ದವಾಖಾನೆಯವರು ಮನೆಗೆ ಒಯ್ಯಿರಿ ಅಂದರು. ಮಗಳು ಬಂದಳು. ಒಂದು ಸಲ ಅವರು ಆಕೆಯ ಕೈ ತೆಗೆದುಕೊಂಡು ಬೆರಳು ನೋಡಿದರು.

"ಭಾಳ ಬಿರುಸಾಗ್ಯಾವಲ್ಲ."

"ತೊಗರಿ ಕೊಯ್ದು ಆಗ್ಯಾವಪ್ಪ."

ಇಬ್ಬರೂ ಮುಖ ಆ ಕಡೆ ಈ ಕಡೆ ತಿರುಗಿಸಿದರು. ಎರಡು ದಿನಕ್ಕೆ ಅವರು ತೀರಿಕೊಂಡರು.

ಅವರ ದಿನ ಕಾರ್ಯ ಎಲ್ಲ ಮುಗಿದ ಮೇಲೆ ಮಗಳು ಗಂಟು ಕಟ್ಟುತ್ತಿದ್ದಳು. ಇನ್ನು ಮುಚ್ಚಿಟ್ಟು ಏನು ಮಾಡಲಿ ಅಂತ ಹೇಳಿಬಿಟ್ಟೆ.

"ನಿಮ್ಮಪ್ಪಗ ಕಲ್ಲಿಂದು ಗೊತ್ತಿತ್ತು."

"ಯಾವಾಗಿಂದ?"

"ನಿನ್ನ ಮದಿವ್ಯಾಗಿ ಸ್ವಲ್ಪ ದಿನಕ್ಕ."

ಗಂಟಿನ ಮೇಲೆ ಕೈ ಇಟ್ಟು ಕೂತಳು.

"ಇಷ್ಟು ವರ್ಷ ನಾ ಅಪ್ಪನ ಜೋಡಿ ನೆಟ್ಟಗ ಕುಂತು ಮಾತಾಡಿಲ್ಲವ್ವ. ಎಲ್ಲಿ ಬಾಯಿ ಜಾರಿ ಹೇಳಿಬಿಡ್ತೀನೋ ಅಂತ."

"ಅವರೂ ಹಾಂಗೇ ಇದ್ರು" ಅಂದೆ.

ಆಕೆ ಗಂಟು ಬಿಗಿದು ಎದ್ದಳು. ಚಿಂಚೋಳಿ ಬಸ್ಸಿನ ಹೊತ್ತಾಗಿತ್ತು. ಹೊಲದಲ್ಲಿ ತೊಗರಿ ರಾಶಿ ಮಾಡುವುದಿತ್ತು, ಹೋದಳು.